ಹಿಡಿಕೆಯ ಮೇಲೊಂದು ಟವೆಲ್

ಫ್ಯಾನ್ ತಿರುಗುತ್ತಿದೆ, ರೆಕ್ಕೆಯ ಮೇಲಿನ ಧೂಳೂ ಕಾಣುವಷ್ಟು ನಿಧಾನ, ಇದಕ್ಕೆ ಬೆರಳು ಕೊಟ್ಟರೂ ಏನೂ ಆಗುವುದಿಲ್ಲ — ಬೆರಳು, ಮತ್ತೆ ಬೆರಳು, ಮಧುಗಿರಿ ಆಸ್ಪತ್ರೆಯ ಬೆಂಚಿನಲ್ಲಿ ಕೂತು ನನ್ನವನ್ನು ಮಡಚಿ ಬಿಚ್ಚುತ್ತಿದ್ದೇನೆ, ಒಳಗೆ ನೀರು ಬಿಡುವ ನಾಗಲಿಂಗಯ್ಯನ ಬಲಗೈಗೆ ಹೊಲಿಗೆ ಹಾಕುತ್ತಿದ್ದಾರೆ, ಎರಡು ಬೆರಳು ಪುರವರದ ಪಂಪ್‌ಹೌಸಿನಲ್ಲೇ ಹೋದವು, ಅಳು ಬರಬೇಕಿತ್ತು, ಹಸಿವಾಗುತ್ತಿದೆ. ಪಕ್ಕದಲ್ಲಿ ಆತನ ಹೆಂಡತಿ ದಾಸಮ್ಮ, ಏನವ್ವ ಶ್ರೀಲತಾ, ಟವಲ್ ಹಾಕಿದ್ನೋ ಇಲ್ವೋ, ಅದೊಂದ್ ಹೇಳ್ಬುಡು, ಹಾಕ್ದೆ ಕೈ ಇಕ್ದ ಅಂದ್ರೆ ಪಂಚಾಯ್ತಿಯೋರು ಕೆಲ್ಸದಿಂದ ತೆಗ್ದಾಕ್ಬುಡ್ತಾರೆ. ಮೋಟಾರಿಗೆ ಕೈ ಹಾಕುವ ಮುಂಚೆ ಸ್ಟಾರ್ಟರಿನ ಹಿಡಿಕೆಗೆ ಹೆಗಲ ಟವೆಲ್ ಇಳಿಬಿಡುವುದು ಅಲ್ಲಿ ನೀರು ಬಿಡುವವರ ಪದ್ಧತಿ, ಟವೆಲ್ ಇರುವಾಗ ಊರಲ್ಲಿ ಯಾರೂ ಹಿಡಿಕೆ ಮುಟ್ಟುವುದಿಲ್ಲ, ನೀರಿಗೆ ಹೊಡೆದಾಡುವಾಗಲೂ ಮುಟ್ಟಿಲ್ಲ — ಆದರೆ ಈಗ ಮೋಟಾರು ಎಬ್ಬಿಸುವುದು ಹಿಡಿಕೆಯಲ್ಲ, ಗೋಡೆಗೆ ನಮ್ಮ ಕಂಪನಿ ಜಡಿದ ಪೆಟ್ಟಿಗೆ, ಅದರೊಳಗಿನ ಪ್ರೋಗ್ರಾಮು.

ಟ್ಯಾಂಕ್ ತುಂಬಿದರೂ ಮೋಟಾರು ನಿಲ್ಲುತ್ತಿರಲಿಲ್ಲ, ಯಾಕೆಂದು ನೋಡಲು ಹೋಗಿದ್ದೆ, ಲ್ಯಾಪ್‌ಟಾಪಿನಿಂದ ಪೆಟ್ಟಿಗೆಯ ಡಿಬಗ್ ಸರ್ವರಿಗೆ, ಪ್ರೋಗ್ರಾಮನ್ನು ದೂರದಿಂದಲೇ ನಿಲ್ಲಿಸಿ ಓಡಿಸಿ ತಪ್ಪು ಹುಡುಕುವ ಬಾಗಿಲಿಗೆ, ಸೇರಿಕೊಂಡು, ಮೋಟಾರು ಚಾಲೂ ಮಾಡುವ ಸಾಲಿಗೆ ಮುಂಚೆ ಪ್ರೋಗ್ರಾಮು ನಿಲ್ಲಿಸಿದೆ, ಫ್ಯೂಸ್ ಕೀಳ್ಳಾ ಅಂದ ನಾಗಲಿಂಗಯ್ಯ, ಬೇಡಣ್ಣ, ಪೆಟ್ಟಿಗೆಯೂ ಆರಿಹೋಗುತ್ತೆ ಅಂದೆ — ನಾನೇ ಅಂದೆ — ಆತ ಕೆಂಪಂಚಿನ ಟವೆಲ್ ಇಳಿಬಿಟ್ಟ, ನಿನ್ ಪೆಟ್ಗೆಗಿಂತ ನನ್ ಟವಲ್ಲೇ ಗಟ್ಟಿ ಕಣಮ್ಮ ಎಂದು ನಕ್ಕ, ಮೋಟಾರು ಪಂಪಿಗೆ ಸೇರುವ ಕಡೆ ಸುತ್ತಿಕೊಂಡಿದ್ದ ಗೋಣಿದಾರ ಬಿಡಿಸಲು ಕೈ ಇಟ್ಟ, ನನ್ನ ಲ್ಯಾಪ್‌ಟಾಪಿನ ನೆಟ್‌ವರ್ಕ್ ಹೋಯಿತು. ಪೆಟ್ಟಿಗೆಯ ಸರ್ವರ್ ತೆರೆದೇ ಇತ್ತು. ನಮ್ಮ ಶಿರಾದ ಆಫೀಸಿನಲ್ಲಿ ಜೊತೆ ಕೆಲಸದ ನಯಾಜ್ ನೋಡಿದ, ಪುರವರ ನಿಂತಿದೆ, ಹ್ಯಾಂಗ್ ಆಗಿರಬೇಕು, ಸೇರಿಕೊಂಡ, ಮುಂದುವರಿ ಎಂದು ಒತ್ತಿದ, ನೀನ್ಯಾರು ಎಂದು ಪೆಟ್ಟಿಗೆ ಕೇಳಲಿಲ್ಲ, ಮೋಟಾರು ಎಬ್ಬಿಸಿತು. ಸರ್ವರ್ ಪೆಟ್ಟಿಗೆಯೊಳಗಿನ ಮಾತಿಗೆ ಮಾತ್ರ ಕಿವಿಗೊಡಲಿ ಸರ್, ಹೊರಗಿನಿಂದ ಬರುವವರು ಎಸ್‌ಎಸ್‌ಎಚ್ ಟನೆಲ್‌ನಲ್ಲೇ, ಬೀಗವಿರುವ ದಾರಿಯಲ್ಲೇ ಬರಲಿ, ಪಂಪಿನ ಮುಂದೆ ನಿಂತವರ ಕೀಗೆ ಮಾತ್ರ ತೆರೆಯಲಿ ಎಂದು ಹೇಳಿದ್ದೆ, ಬಾಸ್ ಪ್ರಸನ್ನ ಕುಮಾರ್ ನಕ್ಕಿದ್ದರು, ಪುರವರದ ಪಂಪಿಗೆ ಯಾವ ಹ್ಯಾಕರ್ ಬರ್ತಾನಮ್ಮ, ಎಲ್ಲಾರಿಗೂ ಓಪನ್ ಇಡು. ಹ್ಯಾಕರ್ ಬರಲಿಲ್ಲ. ನಯಾಜ್ ಬಂದ, ಒಳ್ಳೆಯದಕ್ಕೇ ಬಂದ, ಮೊಬೈಲಿನಲ್ಲಿ ಅವನ ಮೆಸೇಜು ಇನ್ನೂ ಇದೆ, ಮೇಡಮ್, ಪುರವರ ಚಾಲೂ ಮಾಡ್ದೆ, ಬಿರಿಯಾನಿ ಯಾವಾಗ.

ಪ್ರಸನ್ನ ಕುಮಾರ್ ಫೋನು ಈಗಷ್ಟೇ, ಟವೆಲ್ ಇರ್ಲಿಲ್ಲ ಅನ್ನು, ಅಷ್ಟೇ, ಇಲ್ಲಾಂದ್ರೆ ನಾಳೆಯಿಂದ ಬರ್ಬೇಡ, ನಯಾಜ್‌ನೂ ಮನೆಗೆ ಕಳಿಸ್ತೀನಿ. ಹೂಂ ಅಂದೆನಾ, ಅಂದಿರಬೇಕು — ಪಂಚಾಯಿತಿಯ ನಂದೀಶ್ವರಯ್ಯ ಎದುರಿಗೇ ಬಂದು ನಿಂತರು, ನೀನೊಬ್ಬಳೇ ಕಣಮ್ಮ ಅಲ್ಲಿದ್ದೋಳು, ನೋಡ್ದಂಗೆ ಹೇಳು, ಟವಲ್ ಇತ್ತಾ, ದಾಸಮ್ಮ ನನ್ನ ಮುಖ ನೋಡುತ್ತಿಲ್ಲ, ನೆಲ ನೋಡುತ್ತಿದ್ದಾಳೆ, ಮೊಬೈಲ್ ಮತ್ತೆ ಅದುರುತ್ತಿದೆ, ಮೋಟಾರು ಗುಡುಗಿದಾಗ ನಾನು ಮೊದಲು ನೋಡಿದ್ದು ಆತನ ಕೈಯನ್ನಲ್ಲ, ಹಿಡಿಕೆಯನ್ನು, ಯಾರು ಮುಟ್ಟಿದರು ಎಂದು, ಯಾರೂ ಮುಟ್ಟಿರಲಿಲ್ಲ — ಇತ್ತು, ಅಂದೆ, ಇತ್ತು ಸಾರ್, ಮೋಟಾರು ನಿಲ್ಲಿಸಲು ನಾನು ಫ್ಯೂಸ್ ಕಿತ್ತಮೇಲೂ ಇತ್ತು, ಈಗಲೂ ಅಲ್ಲೇ ಇರುತ್ತದೆ, ಹಿಡಿಕೆಯ ಮೇಲೆ, ಮಡಿಕೆ ಕೆಡದೆ, ಕೆಂಪಂಚು ಕೆಳಗೆ ಬಿದ್ದು, ಹಿಡಿಕೆಯ ಮೇಲೆ ಟವೆಲ್, ಮಡಿಕೆ ಕೆಡದೆ, ಟವೆಲ್