ಚಿಜುರುವಿನ ಹೊಟ್ಟೆಯ ಗೆರೆ

ತಣ್ಣಗಿದೆ ಅಕ್ಕಾ, ಎಂದು ಕಿಲಕಿಲ ನಗುತ್ತಾಳೆ ಚಿಜುರು, ಸ್ಕ್ಯಾನಿಗೆಂದು ಹೊಟ್ಟೆಗೆ ಹಚ್ಚಿದ ಜೆಲ್ಲು ಕಚಗುಳಿಯಂತೆ, ಅರವತ್ತೆಂಟಾಯಿತು ನನ್ನ ತಂಗಿಗೆ, ಬುದ್ಧಿ ಎಂಟು ವರ್ಷದ್ದೆಂದು ಶಾಲೆಯವರು ಬರೆದುಕೊಟ್ಟಿದ್ದರು, ಆ ಎಂಟನ್ನು ಯಾವ ತಕ್ಕಡಿಯಲ್ಲಿ ತೂಗಿದರೋ, ಈ ಡಾಕ್ಟರ್ ಕುದೋ ನನಗೆ ಮೊಮ್ಮಗಳ ವಯಸ್ಸಿನವಳು, ಎಲ್ಲಿ ನೋವು ಎಂದು ನನ್ನನ್ನು ಬಿಟ್ಟು ಅವಳನ್ನೇ ಕೇಳುತ್ತಾಳೆ, ಅವಳಿಗೆ ಹೇಳಕ್ಕೆ ಬರಲ್ಲಮ್ಮ, ನನ್ನನ್ನ ಕೇಳಿ, ಎಂದರೆ, ಬರತ್ತೆ, ಇಲ್ಲಿ ಬಲಗಡೆ, ಹೊಟ್ಟೆ ನಂದು, ನೀನು ಸುಮ್ನಿರಕ್ಕ — ಸುಮ್ಮನಿರುವುದೇನು ನನಗೆ ಹೊಸದೇ. ಅಪೆಂಡಿಕ್ಸ್ ಇರಬಹುದು ಎಂದಳು ಡಾಕ್ಟರು. ಹದಿನಾರಕ್ಕೇ ತೆಗೆದ್ಬಿಟ್ರು, ನೋಡಿ ಗೆರೆ, ಎಂದು ಇವಳು ಹೆಮ್ಮೆಯಿಂದ ತೋರಿಸುತ್ತಾಳೆ, ಡಾಕ್ಟರು ಪರದೆ ನೋಡುತ್ತಾಳೆ, ಇಲ್ವಲ್ಲ ಚಿಜುರು ಅವ್ರೇ, ಅದಿನ್ನೂ ಇಲ್ಲೇ ಇದೆ, ಯಾರೂ ತೆಗೆದಿಲ್ಲ.

ಗೊತ್ತು, ನನಗೆ ಗೊತ್ತು, ಐವತ್ತೆರಡು ವರ್ಷದಿಂದ ಗೊತ್ತು, ಅಪ್ಪ ಮನೆಯ ಮುದ್ರೆಯನ್ನು ನನ್ನ ಅಂಗೈಗಿಟ್ಟು, ನೀನೇ ಹೋಗಿ ಒಪ್ಪಿಗೆ ಕಾಗದಕ್ಕೆ ಒತ್ತಿ ಬಾ, ನಂಗೆ ಕೈ ಬರಲ್ಲ, ಮಕ್ಕಳಾಗದ ಹಾಗೆ ಮಾಡ್ತಾರಂತೆ, ಅವಳ ಒಳ್ಳೇದಕ್ಕೇ, ಅವಳಿಗೆ ಅಪೆಂಡಿಕ್ಸ್ ಅಂತ ಹೇಳು, ಎಂದ — ಯಾರು ಒತ್ತಿದರೂ ಮನೆಯ ಮುದ್ರೆ ಅಪ್ಪನ ಒಪ್ಪಿಗೆಯೇ ತಾನೆ, ಇಪ್ಪತ್ತರ ನಾನು ಹೋದೆ, ಅದೇ ತಿಂಗಳು ನನ್ನ ಸಂಬಂಧ ಕುದುರಿತ್ತು, ಇಂಥ ತಂಗಿಗೆ ಮಕ್ಕಳಾದರೆ ಯಾರು ಸಾಕುತ್ತಾರೆ ಎಂದು ಗಂಡಿನ ಕಡೆಯವರು ಕೇಳಿದ್ದರು, ಸೊಟ್ಟಗಾಯ್ತು ಕಣಮ್ಮ, ಇನ್ನೊಂದ್ಸಲ, ಎಂದ ಕಚೇರಿಯವನು, ಮುದ್ರೆಗೆ ಹಾ ಎಂದು ಉಸಿರು ಬಿಟ್ಟು ಬಲಗೈಯಿಂದ ನೆಟ್ಟಗೆ ಒತ್ತಿದೆ, ಜಾಣೆ, ಎಂದ. ಆಮೇಲೆ ಸೇಬು ಪ್ಯಾಕ್ ಮಾಡುವ ಶೋಹೇ ಇವಳನ್ನು ಇಷ್ಟಪಟ್ಟು ಕಟ್ಟಿಕೊಂಡ, ಪಾಪ, ಒಳ್ಳೆಯವನು, ಈಗಿಲ್ಲ, ಮಗು ಬೇಕೆಂದು ಪ್ರತಿ ವಸಂತದಲ್ಲೂ ದೇಗುಲಕ್ಕೆ, ಜೊತೆಗೆ ನಾನು, ಚಪ್ಪಾಳೆ ತಟ್ಟಿ ದೇವರನ್ನು ಕರೆಯಬೇಕಲ್ಲ, ಈ ಸಲ ಜೋರಾಗಿ ಚಪ್ಪಾಳೆ ತಟ್ತೀನಕ್ಕ, ದೇವ್ರಿಗೆ ಕಿವಿ ಮಂದ ಇರ್ಬೇಕು, ಎಂದು ಅಂಗೈ ಕೆಂಪಾಗುವಷ್ಟು ತಟ್ಟುತ್ತಿದ್ದಳು, ಹನ್ನೊಂದು ವರ್ಷ, ಪಕ್ಕದಲ್ಲಿ ನಿಂತು ನಾನೂ ತಟ್ಟಿದೆನಲ್ಲ, ಪಾಪಿ ನಾನು, ಬಾಯಿ ಬಿದ್ದುಹೋಗಿತ್ತೇ ನನಗೆ.

ಡಾಕ್ಟರು ಸ್ಟೂಲನ್ನು ಅವಳತ್ತ ಎಳೆದುಕೊಂಡಿದ್ದಾಳೆ, ಬೇಡಮ್ಮ, ಅವಳಿಗೆ ಅರ್ಥವಾಗಲ್ಲ, ಎನ್ನಬೇಕು, ಅಷ್ಟರಲ್ಲಿ ಡಾಕ್ಟರೇ ಶುರುಮಾಡುತ್ತಾಳೆ, ಆಗೆಲ್ಲ ಕೆಲವ್ರಿಗೆ ಮಕ್ಕಳಾಗದ ಹಾಗೆ ಆಪರೇಷನ್ ಮಾಡ್ತಿದ್ರು, ಅವ್ರನ್ನ ಕೇಳ್ದೇನೇ, ಈ ಗೆರೆ ಅದ್ರದೇ ಇರ್ಬಹುದು, ಕಾಗದ ಸಿಕ್ಕಿದ್ರೆ ಗೊತ್ತಾಗತ್ತೆ, ನೋಡ್ಬೇಕಾ ನಿಮಗೆ, ನೀವು ಹೇಳಿದ್ರೆ ಮಾತ್ರ ತರಿಸೋಣ. ಚಿಜುರು ಬಟ್ಟೆ ಸರಿಮಾಡಿಕೊಳ್ಳುತ್ತಾಳೆ, ಒಂದೊಂದೇ ಗುಂಡಿ, ಅವಸರವಿಲ್ಲ, ನಾನು ಪೆದ್ದಿ ಅಂತ ದೇವ್ರು ಕೊಡ್ಲಿಲ್ಲ ಅಂದ್ಕೊಂಡಿದ್ದೆ, ಎನ್ನುತ್ತಾಳೆ, ಹೌದು, ನೋಡ್ಬೇಕು, ಯಾರು ಸರಿ ಅಂದ್ರು ಅಂತ ನೋಡ್ಬೇಕು, ಎನ್ನುತ್ತಾಳೆ, ನಾನು ಅಳುತ್ತಿದ್ದೇನೆ, ನನ್ನತ್ತ ತಿರುಗಿದಳು, ನನ್ನ ಬಲಗೈ ಎತ್ತಿ ತನ್ನ ಎರಡೂ ಕೈಗಳ ನಡುವೆ ಇಟ್ಟುಕೊಂಡಳು, ಅಳ್ಬೇಡಕ್ಕ, ನಿಂಗೂ ಸುಳ್ಳು ಹೇಳಿದ್ರು ಅಲ್ವಾ — ಹೇಳೇ ಪಾಪಿ, ಈಗಲಾದರೂ ಹೇಳು — ಅಲ್ವಾ ಅಕ್ಕಾ — ಅವಳ ಕೈ, ನನ್ನ ಬಲಗೈಯನ್ನು ಮೆಲ್ಲಗೆ ಸವರುತ್ತಿರುವ ಅವಳ ಕೈ, ಅವಳ ಕೈ