ಎರಡನೆಯ ಪೊಟ್ಟಣ

ಆಸ್ಪತ್ರೆಯ ಎದುರಿನ ಔಷಧಿ ಅಂಗಡಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಕೌಂಟರಿನ ಹಿಂದೆ ನಿಂತವಳನ್ನು ಎಲ್ಲರೂ ಗಂಟೆಯಕ್ಕ ಎನ್ನುತ್ತಿದ್ದರು. ಎಂಟಕ್ಕೆ ನುಂಗಬೇಕಾದ ಮಾತ್ರೆಯನ್ನು ಒಂಬತ್ತಕ್ಕೆ ನುಂಗಿದೆ ಎಂದವರಿಗೆ ಮುಲಾಜಿಲ್ಲದೆ ಬೈಯುವ ಹೆಂಗಸು. "ದೇವರು ವರ ಕೊಟ್ರೂ ಈ ಪೂಜಾರಿ ಕೊಡಲ್ಲ ಕಣ್ರೀ" ಎಂದು ಮಾಲೀಕ ಗಿರಾಕಿಗಳ ಮುಂದೆಯೇ ನಗುತ್ತಿದ್ದ. ಪಾಪ, ಅವಳು ಅದನ್ನು ಹೊಗಳಿಕೆಯೆಂದೇ ತಿಳಿದಿದ್ದಳು.

ಗರ್ಭಪಾತದ ಮಾತ್ರೆಗೆ ಅವಳದೇ ಒಂದು ಪದ್ಧತಿ. ಮೊದಲ ಮಾತ್ರೆಯನ್ನು ಡಾಕ್ಟರ ಚೀಟಿ ನೋಡಿ ಎದುರಿಗೇ ನುಂಗಿಸುವಳು. ಎರಡು ದಿನ ಬಿಟ್ಟು ತೆಗೆದುಕೊಳ್ಳಬೇಕಾದ ಉಳಿದವನ್ನು ಪೊಟ್ಟಣ ಕಟ್ಟಿ, ಹೆಸರು, ಗಂಟೆ ಬರೆದು ತನ್ನ ಬೀರುವಿನಲ್ಲೇ ಇಟ್ಟುಕೊಳ್ಳುವಳು. ಹಿಂದೊಮ್ಮೆ ಯಾರೋ ಗಾಬರಿಯಲ್ಲಿ ಎಲ್ಲವನ್ನೂ ಒಟ್ಟಿಗೆ ನುಂಗಿ ಒದ್ದಾಡಿದ್ದಳು. ಅಂದಿನಿಂದ ಈ ಕಟ್ಟುನಿಟ್ಟು. ಕಾನೂನಿನಲ್ಲಿ ಹಾಗೇನೂ ಇರಲಿಲ್ಲ.

ಬುಧವಾರ ಒಂಬತ್ತಕ್ಕೆ ಕಾಲರ್ ಹೊಲಿಯುವವಳು ಓಡುತ್ತ ಬಂದಳು. ಬಟ್ಟೆ ಕಾರ್ಖಾನೆಯ ಕೆಲಸ, ಎರಡು ಮಕ್ಕಳು. ಎರಡನೆಯ ಹೆರಿಗೆಯಲ್ಲೇ ಸತ್ತು ಬದುಕಿದ್ದಳು. ಇನ್ನೊಂದು ಬಸುರು ಜೀವಕ್ಕೇ ಕುತ್ತು ಎಂದು ಡಾಕ್ಟರಮ್ಮ ಬರೆದುಕೊಟ್ಟಿದ್ದರು. ಸೋಮವಾರ ಹನ್ನೊಂದಕ್ಕೆ ಇದೇ ಕೌಂಟರಿನಲ್ಲಿ ಮೊದಲ ಮಾತ್ರೆ ನುಂಗಿದ್ದಳು.

"ಅಕ್ಕಾ, ಈಗ್ಲೇ ಕೊಟ್ಬಿಡಿ. ಸೂಪರ್‌ವೈಸರ್ ಅರ್ಧ ಗಂಟೆ ಮಾತ್ರ ಬಿಟ್ಟಿದ್ದಾನೆ."

"ಪೊಟ್ಟಣದ ಮೇಲೆ ಏನ್ ಬರ್ದಿದೆ? ಹನ್ನೊಂದು. ಹನ್ನೊಂದಕ್ಕೇ ಬಾ."

"ಕಾರ್ಖಾನೇಲೇ ಹನ್ನೊಂದಕ್ಕೆ ನುಂಗ್ತೀನಿ ಅಕ್ಕ, ನಿಮ್ಮಾಣೆ."

"ಎಲ್ರೂ ಹೀಗೇ ಅಂತಾರೆ. ಹೋಗು."

ಅವಳು ಹೋದಳು.

ಈ ಮಾತ್ರೆಯ ಮೇಲೆ ಯಾವುದೋ ಸಂಘದವರು ಕೋರ್ಟಿಗೆ ಹೋಗಿ ಎಂಟು ತಿಂಗಳಾಗಿತ್ತು. ಒಬ್ಬ ಬಸುರಿಯ ಕಷ್ಟ ಕೇಳಿದವರಲ್ಲ. ಸರ್ಕಾರ ಇದಕ್ಕೆ ಒಪ್ಪಿಗೆ ಕೊಟ್ಟಿದ್ದೇ ತಪ್ಪು ಎಂಬುದು ಅವರ ವಾದ. "ಕೋರ್ಟಿನ ಕೆಲಸ, ಮೊಮ್ಮಕ್ಕಳ ಕಾಲಕ್ಕೆ ಮುಗಿಯುತ್ತೆ ಬಿಡಿ" ಎಂದಿದ್ದ ಮಾಲೀಕ. ಆ ಬುಧವಾರ ಹತ್ತಕ್ಕೆ, ಮಾತ್ರೆಯನ್ನು ಯಾರೂ ಕೊಡಕೂಡದೆಂದು ತಡೆಯಾಜ್ಞೆ ಬಂತು. ಹತ್ತೂವರೆಗೆ ಔಷಧಿ ಇಲಾಖೆಯ ಇನ್ಸ್‌ಪೆಕ್ಟರ್ ಅರಗು, ದಾರ ಹಿಡಿದು ಬಂದ.

"ಇದೊಂದು ಪೊಟ್ಟಣ ಬಿಡಿ ಸಾರ್" ಎಂದಳು ಗಂಟೆಯಕ್ಕ. "ಮಾರಾಟ ಆಗಿ ಎರಡು ದಿನ ಆಯ್ತು. ಇದು ಅವಳದು."

"ಅವಳದಾದ್ರೆ ನಿಮ್ಮ ಬೀರೂಲಿ ಯಾಕಿದೆಯಮ್ಮ?"

ಗಂಟೆಯಕ್ಕ ಪೊಟ್ಟಣವನ್ನು ಬೀರುವಿನಲ್ಲೇ ವಾಪಸ್ ಇಟ್ಟಳು. ಅವನೇನೂ ಕೆಟ್ಟವನಲ್ಲ, ಮುಖ ತಪ್ಪಿಸಿಕೊಂಡೇ ಬೀರುವಿಗೆ ಮುದ್ರೆ ಒತ್ತಿದ.

ಅರ್ಧ ದಿನದ ಕೂಲಿ ಬಿಟ್ಟು ಕಾಲರ್ ಹೊಲಿಯುವವಳು ಸರಿಯಾಗಿ ಹನ್ನೊಂದಕ್ಕೆ ಬಂದಳು. ಬೀರು ಎರಡು ಹೆಜ್ಜೆ ದೂರದಲ್ಲಿತ್ತು. ಮುದ್ರೆ ಒಡೆದರೆ ಜೈಲು. ಗಂಟೆಯಕ್ಕನಿಗೆ ಧೈರ್ಯ ಬರಲಿಲ್ಲ. ಊರಿನ ಬೇರೆ ಅಂಗಡಿಗಳಿಗೆಲ್ಲ ಫೋನ್ ಮಾಡಿದಳು. ಎಲ್ಲ ಕಡೆಯೂ ಮುದ್ರೆ. ಡಾಕ್ಟರಮ್ಮ ಫೋನಿನಲ್ಲೇ ದನಿ ತಗ್ಗಿಸಿ, "ವಕೀಲರು ಮುಟ್ಟಬೇಡಿ ಅಂದಿದ್ದಾರೆ. ರಕ್ತ ಜಾಸ್ತಿ ಹೋದ್ರೆ ಕರ್ಕೊಂಡ್ ಬನ್ನಿ" ಎಂದರು.

"ಹಾಗಾದ್ರೆ ನಾನೇನ್ ಮಾಡ್ಲಿ ಅಕ್ಕ?" ಎಂದಳು ಅವಳು.

"ನಾಳೆ ಏನಾದ್ರೂ ದಾರಿ ಆಗುತ್ತೆ, ಹೋಗಿರು" ಎಂದಳು ಗಂಟೆಯಕ್ಕ. ಗುರುವಾರವೂ ಶುಕ್ರವಾರವೂ ಯಾವ ದಾರಿಯೂ ಆಗಲಿಲ್ಲ.

ಮುಂದಿನ ಮಂಗಳವಾರ ಮೇಲಿನ ಕೋರ್ಟು ತಡೆಯಾಜ್ಞೆಯನ್ನು ತೆಗೆದುಹಾಕಿತು. ಅದೇ ಇನ್ಸ್‌ಪೆಕ್ಟರ್ ಬಂದು ಮುದ್ರೆ ಒಡೆದ. "ಗೆದ್ವಿ" ಎಂದ ಮಾಲೀಕ. ಕಾರ್ಖಾನೆಗೆ ತಾನೇ ಕೊಂಡೊಯ್ಯೋಣವೆಂದು ಗಂಟೆಯಕ್ಕ ಪೊಟ್ಟಣ ತೆಗೆದುಕೊಂಡು ತಿರುಗಿದರೆ, ಕೌಂಟರಿನಾಚೆ ಒಬ್ಬ ನಿಂತಿದ್ದ.

"ಕಾಲರ್ ಹೊಲೀತಿದ್ಲಲ್ಲ, ಅವಳ ಗಂಡ ನಾನು."

ಶನಿವಾರ ಮಷಿನ್ನಿನ ಮುಂದೆಯೇ ರಕ್ತ ಶುರುವಾಗಿತ್ತು. ಆಸ್ಪತ್ರೆಯವರು ಮುಟ್ಟಬಹುದೇ ಎಂದು ವಕೀಲರನ್ನು ಕೇಳುತ್ತ ನಾಲ್ಕು ಗಂಟೆ ಕೂರಿಸಿದ್ದರು. ಭಾನುವಾರ ಬೆಳಿಗ್ಗೆ ತೀರಿಕೊಂಡಳಂತೆ. ಅವನು ಅಳಲಿಲ್ಲ, ಜಗಳಕ್ಕೂ ಬಂದಿರಲಿಲ್ಲ.

"ಒಂಬತ್ತಕ್ಕೇ ಬಂದಿದ್ಲಂತೆ ಇಲ್ಲಿಗೆ. ಎರಡು ಗಂಟೆ ಮುಂಚೆ ಕೊಟ್ಟಿದ್ರೂ ಏನೂ ತೊಂದ್ರೆ ಆಗ್ತಿರ್ಲಿಲ್ಲ ಅಂದ್ರು ಡಾಕ್ಟ್ರು. ಆಗಿನ್ನೂ ಆರ್ಡರ್ ಬಂದಿರ್ಲಿಲ್ಲ. ಮತ್ತೆ ಕೊಡಬಾರ್ದು ಅಂತ ಯಾರು ಹೇಳಿದ್ರು?"

"ರೂಲ್ಸಪ್ಪ, ಏನ್ಮಾಡೋದು" ಎಂದು ಮಾಲೀಕ ಅಡ್ಡ ಬಂದ.

ಗಂಟೆಯಕ್ಕ ಅವನನ್ನು ಸುಮ್ಮನಿರಿಸಿದಳು.

"ಯಾರೂ ಹೇಳಿರ್ಲಿಲ್ಲಪ್ಪ. ನಾನೇ ಹೇಳಿದ್ದು."

"ಅಷ್ಟೇ ಕೇಳ್ಬೇಕಿತ್ತು" ಎಂದು ಅವನು ಮೆಟ್ಟಿಲಿಳಿದು ಹೋದ.