ಖಾಲಿ ಹೊಟ್ಟೆ

“ಅಲ್ಲಲ್ಲ, ಈ ಕಡೆ,” ಎಂದು ಅಮ್ಮ ಮಗಳ ಕಿಬ್ಬೊಟ್ಟೆಯತ್ತ ಕೈ ತೋರಿಸಿದಳು. “ಕಿಡ್ನಿ ಇರೋದು ಇಲ್ಲಿ. ಕೊಟ್ಟೋಳು ನಾನು, ನಂಗೊತ್ತಿಲ್ವಾ?”

ಸ್ಕ್ಯಾನ್ ಮಾಡುತ್ತಿದ್ದ ಡಾಕ್ಟರಮ್ಮ ನಗಲಿಲ್ಲ. ಮಗಳನ್ನು ಮಗ್ಗುಲಿಗೆ ಹೊರಳಿಸಿ ಬೆನ್ನಿನ ಎಡಕ್ಕೆ ತಣ್ಣನೆಯ ಜೆಲ್ ಸವರಿದರು. ಅಲ್ಲಿದ್ದದ್ದು ಹುಟ್ಟಿನ ಕಿಡ್ನಿ. ಏಳು ವರ್ಷದ ಹಿಂದೆ ಅಮ್ಮನದನ್ನು ಕಿಬ್ಬೊಟ್ಟೆಯಲ್ಲಿ ಕಸಿ ಮಾಡಿದಾಗ ಕೆಟ್ಟುಹೋದ ಹಳೆಯ ಎರಡನ್ನೂ ತೆಗೆಯದೆ ಬಿಟ್ಟಿದ್ದರು. ಮನೆಯಲ್ಲಿ ಅವಕ್ಕೆ ‘ಪಿಂಚಣಿದಾರರು’ ಎಂದು ಹೆಸರು. ಕೆಲಸವಿಲ್ಲ, ಕಾಟವಿಲ್ಲ, ಮೂಲೆಯಲ್ಲಿ ಬಿದ್ದಿರಲಿ ಎಂದು ಮಗಳೇ ತಮಾಷೆ ಮಾಡುತ್ತಿದ್ದಳು. ಹೋದ ವಾರ ಅವಳ ಮೂತ್ರದಲ್ಲಿ ರಕ್ತ ಹೋಗಿತ್ತು.

ಹಾಲು ಕುಡಿದ ಮಕ್ಕಳೇ ಬದುಕೋದು ಕಷ್ಟ, ಇನ್ನು ವಿಷ ಕುಡಿದವು ಬದುಕ್ತಾವಾ ಅನ್ನುತ್ತಾರೆ. ಈ ಮಗುವಿಗೆ ಹಾಲೇ ವಿಷವಾಗಿತ್ತು. ಹಾಲು, ಬೇಳೆ, ಮೊಟ್ಟೆಯ ಸತ್ವವನ್ನು ಅರಗಿಸಲಾರದ, ಹುಟ್ಟಿನಿಂದಲೇ ಬಂದ ಅಪರೂಪದ ಕಾಯಿಲೆ. ಕಿಡ್ನಿಗಳನ್ನು ಕೆಡಿಸಿದ್ದೂ ಅದೇ. ಉಪವಾಸವಿದ್ದರಂತೂ ಮೈ ತನ್ನನ್ನೇ ತಿನ್ನತೊಡಗಿ ರಕ್ತದಲ್ಲಿ ಅದೇ ವಿಷ ಏರುತ್ತದೆ. ಇಪ್ಪತ್ತಮೂರು ವರ್ಷ ಅಮ್ಮ ಗಡಿಯಾರ ನೋಡಿ, ತಕ್ಕಡಿಯಲ್ಲಿ ತೂಗಿ ಉಣಿಸಿದ್ದಳು. ಮಗಳು ಈಗ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುತ್ತಾಳೆ. ಅಲ್ಲಿಗೂ ಮೂರು ಗಂಟೆಗೊಮ್ಮೆ ಅಮ್ಮನ ಫೋನು.

“ಗಡ್ಡೆ ಇದೆ,” ಎಂದರು ಡಾಕ್ಟರಮ್ಮ. “ದೊಡ್ಡದು. ಕ್ಯಾನ್ಸರ್ ಥರ ಕಾಣ್ತಿದೆ. ಈ ಕಾಯಿಲೆಯವರಿಗೆ ಹಳೇ ಕಿಡ್ನೀಲಿ ಹೀಗಾಗೋ ಭಯ ಇದೆ ಅಂತಾನೇ ಮೂರು ವರ್ಷದಿಂದ ವರ್ಷಕ್ಕೊಂದು ಸ್ಕ್ಯಾನ್ ಚೀಟಿ ಬರ್ಕೊಟ್ಟಿದೀವಿ. ಯಾಕೆ ಮಾಡಿಸ್ಲಿಲ್ಲ?”

ಚೀಟಿಯ ತಳದಲ್ಲಿ ಅಚ್ಚಾಗಿತ್ತು: ಖಾಲಿ ಹೊಟ್ಟೆಯಲ್ಲಿ ಬರಬೇಕು. ಮೂರನ್ನೂ ಅಮ್ಮ ಮಡಚಿ ಡಬ್ಬಿಯಲ್ಲಿಟ್ಟಿದ್ದಳು.

“ಇವಳನ್ನ ಉಪವಾಸ ಕೆಡವೋದಾ? ಸತ್ತ ಕಿಡ್ನಿ ನೋಡೋಕೆ ಬದುಕಿರೋ ಮಗೂನ ಕೊಲ್ಲೋದಾ ಅಂದ್ಕೊಂಡೆ.”

“ಅಯ್ಯೋ, ಅದು ಪಿತ್ತಕೋಶ ನೋಡೋಕಮ್ಮ. ಎಲ್ಲಾ ಚೀಟೀಲೂ ಅದೇ ಅಚ್ಚು. ಕಿಡ್ನಿಗೆ ಉಪವಾಸ ಬೇಕಾಗಿಲ್ಲ. ಒಂದು ಮಾತು ಕೇಳಿದ್ರೆ ಆಗಿತ್ತು.”

ಒಂದು ಮಾತು. ಬಸ್ಸಿನಲ್ಲಿ ಪಕ್ಕ ಕೂತವರ ಕುಲಗೋತ್ರವನ್ನೆಲ್ಲ ವಿಚಾರಿಸುವ ಬಾಯಿ, ಇದೊಂದನ್ನು ಕೇಳಿರಲಿಲ್ಲ. ನಾಲಿಗೆಯನ್ನೇ ಕಿತ್ತೆಸೆಯಬೇಕೆನ್ನಿಸಿತು ಅಮ್ಮನಿಗೆ.

“ಹರಡಿದ್ಯಾ?” ಎಂದು ಕೇಳಿದವಳು ಮಗಳು.

“ಸಿಟಿ ಸ್ಕ್ಯಾನ್ ಆದ್ಮೇಲೆ ಗೊತ್ತಾಗುತ್ತೆ. ಅದಕ್ಕೆ ಮಾತ್ರ ನಾಲ್ಕು ಗಂಟೆ ಏನೂ ತಿನ್ನೋ ಹಾಗಿಲ್ಲ. ಡ್ರಿಪ್‌ನಲ್ಲಿ ಗ್ಲೂಕೋಸ್ ಕೊಡ್ತೀವಿ, ಅಪಾಯ ಇಲ್ಲ.”

ಮಧ್ಯಾಹ್ನದ ವಾರ್ಡು. ಉಣಿಸುವ ಹೊತ್ತು ಮೀರಿ ಅರ್ಧ ಗಂಟೆಯಾಗಿತ್ತು. ಅಮ್ಮನ ಕೈಗಳಿಗೆ ಏನು ಮಾಡಬೇಕೆಂದೇ ತೋಚಲಿಲ್ಲ. ಮಗಳು ಹೊಟ್ಟೆಯ ಮೇಲೆ ಅಂಗೈಯಿಟ್ಟು ಅಲುಗಾಡದೆ ಮಲಗಿದ್ದಳು.

“ಅಮ್ಮಾ, ಇಲ್ಲೇನೋ ಚುರುಚುರು ಅಂತಿದೆ. ಹಸಿವು ಅಂದ್ರೆ ಇದೇನಾ?”

“ಹೂಂ. ಇದೇ.”

“ಇಷ್ಟೇನಾ?”

ಅಮ್ಮ ಹೊದಿಕೆಯನ್ನು ಮಗಳ ಪಾದ ಮುಚ್ಚುವಂತೆ ಎಳೆದಳು. ಪಾದಗಳು ಆಗಲೇ ಮುಚ್ಚಿದ್ದವು.